ವಾಡೆ ಓಣಿಯ ಅಳತೆ

ಕರಕ್, ಕರಕ್. ಹಲಗೆಯ ಮೇಲೆ ಹಾಸಿದ ಬಟ್ಟೆಯನ್ನು ದೊಡ್ಡ ಕತ್ತರಿ ಸೀಳುವ ಸದ್ದು. ಗಜೇಂದ್ರಗಡದ ವಾಡೆ ಓಣಿ ನೆನಪಾದರೆ ಮೊದಲು ಕೇಳುವುದು ಅದೇ. ಹುಬ್ಬಳ್ಳಿಯ ಕಾನ್ವೆಂಟಿನಿಂದ ರಜೆಗೆ ಅಜ್ಜಿಯ ಮನೆಗೆ ಬಂದಾಗ ಅದೇ ನನ್ನ ಅಲಾರ್ಮ್. ಎದುರು ಮನೆಯ ದರ್ಜಿಯವರು ವಾಡೆಯ ದೊರೆಗಳ ಮನೆಗೆ ಬಟ್ಟೆ ಹೊಲಿಯುತ್ತಿದ್ದರು. ಅವರ ಮಗಳು ಶಮಶಾದ್ ನನ್ನ ಗೆಳತಿ.

ಶಮಶಾದಳ ಕಣ್ಣಿಗೆ ಪೊರೆ ಬಂದಿದೆ, ಆಪರೇಶನ್ ಬೇಡವೆಂದು ಹಟ ಹಿಡಿದಿದ್ದಾಳೆ ಎಂದು ಅವಳ ಸೊಸೆ ರೆಹಾನಾ ಫೋನಿನಲ್ಲಿ ಹೇಳಿದ್ದಳು. ಗದಗದಲ್ಲಿ ನನ್ನ ತಮ್ಮನ ಮಗನೇ ಐ ಸರ್ಜನ್. ಇನ್ನೂ ತಡಮಾಡಿದರೆ ಇರುವ ನೋಟವೂ ಉಳಿಯದು ಎಂದಿದ್ದ. ಅವನಿಂದ ಸೋಮವಾರದ ಡೇಟ್ ತೆಗೆದುಕೊಂಡೇ ನಾನು ರೋಣದ ಬಸ್‌ಸ್ಟ್ಯಾಂಡಿಗೆ ಹೋದೆ. ಒಪ್ಪಿಸದೆ ತಿರುಗಿ ಬರುವ ಕ್ವೆಶ್ಚನ್ನೇ ಇರಲಿಲ್ಲ.

ಹೆಂಗಸರಿಗೆ ಈಗ ಬಸ್ಸು ಪುಕ್ಕಟೆ. ಆಧಾರ್ ತೋರಿಸಿ, ಸೊನ್ನೆ ರೂಪಾಯಿಯ ಟಿಕೆಟ್ ಪಡೆದು ಕಿಟಕಿಯ ಪಕ್ಕ ಕೂತೆ. ಬೆಳಗಿನ ಥಂಡಿ ಇನ್ನೂ ಬಿಟ್ಟಿರಲಿಲ್ಲ. ಎರಿಹೊಲದಲ್ಲಿ ಜೋಳ ಎದೆಯೆತ್ತರ ನಿಂತಿತ್ತು. ಇಟಗಿಗೆ ಹೋಗುವವರು, ಭೀಮಾಂಬಿಕೆಯ ದರ್ಶನಕ್ಕೆಂದು, ದಾರಿಯಲ್ಲೇ ಇಳಿದುಕೊಂಡರು. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವುದು ಕಂಡಾಗ ಊರು ಬಂತೆಂದು ಸೆರಗು ಸರಿಮಾಡಿಕೊಂಡೆ.

ಆಟೊದವನಿಗೆ ಸರಕಾರ ವಾಡೆ ಎಂದೆ. ನಮ್ಮ ಕಾಲದಲ್ಲಿ ದೊರೆಗಳನ್ನು ಎಲ್ಲರೂ ‘ಸರಕಾರ’ ಎಂದೇ ಕರೆಯುತ್ತಿದ್ದರು. ಅವನು ಐವತ್ತು ರೂಪಾಯಿ ಹೇಳಿ, ಸೀದಾ ತಹಶೀಲ್ದಾರ ಕಚೇರಿಯ ಮುಂದೆ ನಿಲ್ಲಿಸಿದ.

“ಸರಕಾರದ್ದು ಇದ ಐತ್ರಿ ಅಮ್ಮಾರ. ಪಿಂಚಣಿ ಕೆಲಸ ಒಳಗ ಎಡಕ್ಕ.”

ಪಿಂಚಣಿಗೆ ಅಲೆಯುವವಳ ಹಾಗೆ ಕಂಡೆನೇ ಎಂದು ಸಿಟ್ಟು ಬಂದು, ಇಂಗ್ಲಿಷಿನಲ್ಲೇ ಎರಡು ಮಾತು ಬೈದೆ. ಅವನು ನಕ್ಕ. ಹೆಚ್ಚಿಗೆ ಕೇಳದೆ ವಾಡೆಯ ಬಾಗಿಲಿಗೆ ಬಿಟ್ಟ.

ಕಮಾನು ಇನ್ನೂ ಗಟ್ಟಿಯಾಗಿಯೇ ಇದೆ. ಅದರ ಬಗಲಿಗೆ ಮೊಬೈಲ್ ಅಂಗಡಿ, ಪಕ್ಕದಲ್ಲಿ ರೆಡಿಮೇಡ್ ಬಟ್ಟೆಯ ಶೋರೂಮ್. ಒಂದು ಕಾಲಕ್ಕೆ ಈ ಓಣಿ ನಮ್ಮ ಸೀಮೆಯ ಪ್ಯಾರಿಸ್. ವಾಡೆಯ ಹೆಂಗಸರು ಮುಂಬಯಿಗೆ ಹೋಗಿ ಬಂದರೆ ಅಲ್ಲಿಯ ಫ್ಯಾಶನ್ ಮೊದಲು ಇಳಿಯುತ್ತಿದ್ದದ್ದು ಇಲ್ಲಿ. ತಿಂಗಳೊಳಗೆ ರೋಣ, ನರಗುಂದದ ತನಕ ಎಲ್ಲರೂ ಅದೇ ತೋಳಿನ ಜಂಪರ್ ತೊಡುತ್ತಿದ್ದರು.

ಆದರೆ ಗಂಡಸು ದರ್ಜಿ ಆ ಹೆಂಗಸರ ಅಳತೆ ತೆಗೆಯುವಂತಿರಲಿಲ್ಲ. ಪುಟ್ಟ ಶಮಶಾದಳಿಗೆ ಟೇಪಿನ ಅಂಕಿ ಓದಲು ಬಾರದು. ಅವಳು ಒಳಗೆ ಹೋಗಿ ದೊರೆಗಳ ಮನೆಯ ಬಾಯಿಸಾಹೇಬರನ್ನು ಅಪ್ಪಿಕೊಳ್ಳುತ್ತಿದ್ದಳು. ತೋಳನ್ನು ಹಾಗೆಯೇ ಬಳೆಯಂತೆ ಹಿಡಿದು ಓಣಿಯುದ್ದ ನಡೆದು ಬರುತ್ತಿದ್ದಳು. ಅಪ್ಪ ಆ ತೋಳುಗಳೊಳಗೆ ಟೇಪು ಹಿಡಿಯುತ್ತಿದ್ದ. ದಾರಿಯಲ್ಲಿ ಯಾರೂ ಮಾತಾಡಿಸಬಾರದು, ಅಳತೆ ಚೆಲ್ಲುತ್ತದೆ. ನಾನಂತೂ ಮಾತಾಡಿಸದೆ ಬಿಡುತ್ತಿರಲಿಲ್ಲ.

ಹೊಸ್ತಿಲಲ್ಲಿ ಕೂತಿದ್ದ ಶಮಶಾದ್ ನನ್ನ ಹೆಜ್ಜೆ ಕೇಳಿಯೇ ತಲೆ ಎತ್ತಿದಳು. “ಸುಶಿ, ದಪ್ಪ ಆಗೀಯಲ್ಲ ನೀ. ನೆಲ ಹೇಳಾಕತ್ತೈತಿ.”

ರೆಹಾನಾ ಗಿರಮಿಟ್ಟು, ಚಹಾ ತಂದಿಟ್ಟಳು. ನಾನು ಲೆನ್ಸು, ಲೇಸರು, ಎಲ್ಲ ವಿವರಿಸಿದೆ. ನೋವಿಲ್ಲ, ಅರ್ಧ ತಾಸಿನ ಕೆಲಸ ಎಂದೆ. ಶಮಶಾದ್ ಹೂಂ ಎನ್ನುತ್ತ ಗಿರಮಿಟ್ಟು ತಿಂದು ಮುಗಿಸಿದಳು.

“ಈಗ ಈ ಓಣಿ ನನಗ ಮೊದಲಿನಂಗ ಐತಿ,” ಎಂದಳು. “ನೀವು ಕಣ್ಣ ಕೊಡ್ತೀರಿ. ಆಮ್ಯಾಲೆ ಖರೇದ್ದು ನೋಡಬೇಕಾಕ್ಕೈತಿ.”

ಆಗತಾನೇ ಆ ಓಣಿಯನ್ನು ನೋಡಿಕೊಂಡು ಬಂದಿದ್ದೆನಲ್ಲ, ಸುಳ್ಳು ಹೇಗೆ ಹೇಳಲಿ? ಕಂಡದ್ದನ್ನೇ ಹೇಳಿದೆ. ಪಫ್ ಸ್ಲೀವ್ ಮತ್ತೆ ಬಂದಿದೆ. ಶೋರೂಮಿನ ಗೊಂಬೆಗೆ ತೊಡಿಸಿದ್ದಾರೆ. ನೆರಿಗೆಯೆಲ್ಲ ಹಿಂದಕ್ಕೆ ಸರಿದು, ತೋಳು ಎಣ್ಣೆಯಲ್ಲಿ ಊದಿದ ಮಿರ್ಚಿಯಂತಿದೆ.

ಶಮಶಾದ್ ಕಪ್ಪು ಕೆಳಗಿಟ್ಟಳು. “ಯಾವ ಮಂಗ್ಯಾ ಹೊಲದಾನ ಅದನ್ನ?”

“ನನಗೇನ ಗೊತ್ತು? ನೀನ ಹೋಗಿ ನೋಡು.”

“ವಾಡೆ ಬಾಗಲದಾಗ?”

“ಬಾಗಲದಾಗ.”

ಸಂಜೆಯವರೆಗೆ, ನಾವು ಯಾರ ಯಾರ ಸುದ್ದಿಯನ್ನೋ ಆಡುತ್ತಿರುವಾಗ, ಶಮಶಾದಳ ಬೆರಳುಗಳು ಸೆರಗಿನ ಅಂಚನ್ನು ಸಣ್ಣ ಸಣ್ಣ ನೆರಿಗೆ ಮಾಡಿ ಬಿಡುತ್ತಿದ್ದವು.

ಬಸ್ಸಿನ ಹೊತ್ತಾಯಿತು. ಬೇಡವೆಂದರೂ ಶಮಶಾದ್ ಸೊಸೆಯ ಕೈ ಹಿಡಿದು ಕಮಾನಿನ ತನಕ ಬಂದಳು. ಆಟೊ ಹತ್ತುವ ಮೊದಲು ನನ್ನನ್ನು ಅಪ್ಪಿಕೊಂಡಳು, ಬೀಳ್ಕೊಡಲು ಬೇಕಾದುದಕ್ಕಿಂತ ಹೆಚ್ಚು ಹೊತ್ತು. ಆಮೇಲೆ ಹಿಂದಕ್ಕೆ ಸರಿದಳು. ತೋಳು ಮಾತ್ರ ಇಳಿಸಲಿಲ್ಲ.

“ಸೋಮವಾರ ಎಷ್ಟಕ್ಕ ಬರಬೇಕು ಅನ್ನೂದನ್ನ ರೆಹಾನಾಗ ಹೇಳು. ನನ್ನ ಮಾತಾಡಸಬ್ಯಾಡ. ಅಳತಿ ಚೆಲ್ತೈತಿ.”

ಈ ಸಲ ನಾನು ಮಾತಾಡಿಸಲಿಲ್ಲ. ರೆಹಾನಾಳಿಗೆ ಹೊತ್ತು ಹೇಳಿ ಆಟೊ ಹತ್ತಿದೆ. ಹಿಂದಿನ ಕಿಂಡಿಯಿಂದ ನಾನು ಅವಳನ್ನು ಆ ಸಂಜೆ ಕಡೆಯದಾಗಿ ನೋಡಿದ್ದು ಹೀಗೆ: ರೆಹಾನಾ ಅತ್ತೆಯ ಹೆಗಲು ಹಿಡಿದು ಬೈಕುಗಳನ್ನು ಬದಿಗೆ ಸರಿಸುತ್ತಿದ್ದಾಳೆ, ಶಮಶಾದ್, ನನ್ನಷ್ಟೇ ಅಗಲದ ಗಾಳಿಯನ್ನು ತೋಳೊಳಗೆ ಹಿಡಿದುಕೊಂಡು, ಶೋರೂಮಿನ ಮುಂದೆ ಹಾದು, ಮನೆಯ ಕಡೆಗೆ ನಡೆಯುತ್ತಿದ್ದಾಳೆ.