ಎಡಿಗಿಟ್ಟ ಗೋವಾ ಬಿಯರು

ಮಹಾನವಮಿ ಅಮಾವಾಸ್ಯೆಯ ಬೆಳಿಗ್ಗೆ ಹುಬ್ಬಳ್ಳಿಯ ಅಂಗಡಿಯೊಂದರ ಮುಂದೆ ಗಂಡಸರ ಸಾಲಿನಲ್ಲಿ ನಿಂತು ನಾನು ಎರಡು ಬಾಟಲಿ ಬಿಯರು ಕೊಂಡೆ. ಈ ವಯಸ್ಸಿನಲ್ಲಿ, ಹಣೆಗೆ ವಿಭೂತಿ ಹಚ್ಚಿಕೊಂಡು! ಅಂಗಡಿಯವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಯಾರಿಗ್ರೀ ಅಕ್ಕಾರ?" ಎಂದ. "ಸತ್ತವರಿಗೆ" ಎಂದೆ. ಅವನು ಎರಡು ಬಾಟಲಿ ತೆಗೆದು ಮುಂದಿಟ್ಟ.

ಗಿಡ್ಡ ಕುತ್ತಿಗೆಯ, ಹೊಟ್ಟೆ ಉಬ್ಬಿದ ಹಸಿರು ಬಾಟಲಿ. ಮೇಲೆ ಕೆಂಪು ಹುಂಜದ ಚಿತ್ರ. ನವಲಗುಂದದ ಬಸ್ಸಿನಲ್ಲಿ ಯಾರಿಗೂ ಕಾಣದಿರಲೆಂದು ಎರಡನ್ನೂ ಚೀಲದಲ್ಲಿ ಉಳ್ಳಾಗಡ್ಡಿಯ ಕೆಳಗೆ ಹುಗಿದಿಟ್ಟೆ. ತಣ್ಣನೆಯ ಗಾಜು ತೊಡೆಗೆ ತಾಗುತ್ತಿತ್ತು, ಉಳ್ಳಾಗಡ್ಡಿಯ ಘಾಟು ಮೂಗಿಗೆ ಬರುತ್ತಿತ್ತು... ಊರಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಡ್ರೈವರ್ ಕಾಕಾ ನೆನಪಾದರು.

ನಾನು ನವಲಗುಂದದ ಹತ್ತಿರದ ತಿರ್ಲಾಪುರಕ್ಕೆ ಸೊಸೆಯಾಗಿ ಬಂದ ಕಾಲಕ್ಕೆ ಕಾಕಾ ಉಳ್ಳಾಗಡ್ಡಿಯ ಲಾರಿ ಹೊಡೆದುಕೊಂಡು ಗೋವಾಕ್ಕೆ ಹೋಗುತ್ತಿದ್ದರು. ಬರುವಾಗ ಖಾಲಿ ಚೀಲಗಳ ನಡುವೆ, ಗಡಿಯ ನಾಕಾದವರ ಕಣ್ಣು ತಪ್ಪಿಸಿ, ಈ ಹುಂಜದ ಬಿಯರು ತರುತ್ತಿದ್ದರು. ಆಗ ಅದು ಗೋವಾ ಬಿಟ್ಟರೆ ಬೇರೆಲ್ಲೂ ಸಿಗುತ್ತಿರಲಿಲ್ಲ. ನಮ್ಮ ಕಡೆಯದು ಬೇವಿನ ಕಷಾಯ, ಅಲ್ಲಿಯ ನೀರೇ ಬೇರೆ ಎಂದು ಓಣಿಯ ಗಂಡಸರು ಲಾರಿಯ ದಾರಿ ಕಾಯುತ್ತಿದ್ದರು. ನಮ್ಮ ಮನೆಯವರೂ ಆ ಗುಂಪಿನಲ್ಲೇ ಇದ್ದರು, ಸುಳ್ಳು ಯಾಕೆ ಹೇಳಲಿ. ಕಾಕಾ ಮಾತ್ರ ಒಂದು ಹನಿಯನ್ನೂ ಮುಟ್ಟಿದವರಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನುಷ್ಯ.

ಆ ಬಿಯರಿಗೆ ಜೀವ ಬಿಡುತ್ತಿದ್ದವನು ಅವರ ಜೋಡಿ ಡ್ರೈವರ್, ಅಣ್ಣಿಗೇರಿ ಕಡೆಯವನು. ಹಿಂದೆ ಮುಂದೆ ಯಾರೂ ಇಲ್ಲದವನು. ಒಂದು ಸಲ ಘಾಟಿನಲ್ಲಿ ಲಾರಿ ಕೆಟ್ಟು ನಿಂತಾಗ, ಗಾಲಿಗೆ ಕಲ್ಲು ಕೊಡಲು ಇಳಿದವನು ಮಂಜಿನಲ್ಲಿ ಕಾಲು ಜಾರಿ ಕಣಿವೆಗೆ ಬಿದ್ದು ಸತ್ತ.

ಮಹಾನವಮಿ ಅಮಾವಾಸ್ಯೆಗೆ ನಮ್ಮಲ್ಲಿ ಸತ್ತವರಿಗೆ ಎಡಿ ಇಡುತ್ತಾರೆ. ಅವರಿಗೆ ಏನೇನು ಸೇರುತ್ತಿತ್ತೋ ಅದನ್ನೆಲ್ಲ ಬಡಿಸಿ, ಕದ ಹಾಕಿಕೊಂಡು, ಅವರು ಬಂದು ಉಂಡು ಹೋಗಲೆಂದು ಹೊರಗೆ ಕೂತು ಕಾಯುತ್ತಾರೆ. ಆ ಅಣ್ಣಿಗೇರಿಯವನಿಗೆ ಎಡಿ ಇಡುವವರು ಯಾರು? ಕಾಕಾ ಇಟ್ಟರು. ಮನೆಯೊಳಗೆ ಸೆರೆ ನಡೆಯುವುದಿಲ್ಲವೆಂದು ದನದ ಕೊಟ್ಟಿಗೆಯಲ್ಲಿ ಇಟ್ಟರು. ಹೋಳಿಗೆ, ಬದನೆಕಾಯಿ ಪಲ್ಯ, ಮುಚ್ಚಳ ತೆಗೆದ ಹುಂಜದ ಬಿಯರು. ಪ್ರತಿ ವರ್ಷ ಕದ ತೆರೆದಾಗ ಬಾಟಲಿ ಒಂದು ಬೆರಳಿನಷ್ಟು ಇಳಿದಿರುತ್ತಿತ್ತು. "ನೊರಿ ಇಳದೈತಿ ಬಿಡ್ರಿ ಕಾಕಾ" ಎಂದು ನಮ್ಮ ಮನೆಯವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಹೊರಗೆ ಕಟ್ಟಿದ ಎತ್ತುಗಳು ಆ ಹೊತ್ತಿನಲ್ಲಿ ಮೇವು ಬಿಟ್ಟು ಕದವನ್ನೇ ನೋಡುತ್ತಿದ್ದವು.

ಕಣ್ಣು ಮಂಜಾಗಿ ಕಾಕಾ ಲಾರಿ ಬಿಟ್ಟ ವರ್ಷ ಹುಂಜದ ಬಿಯರು ಸಿಗಲಿಲ್ಲ. "ಹಳೇ ಬಾಟ್ಲಿ ಐತಲ್ರಿ, ಅದರಾಗ ನಮ್ಮ ಕಡೀದ ಸುರವ್ರಿ. ಅವಗೇನ್ ಗೊತ್ತಾಗತೈತಿ?" ಎಂದರು ನಮ್ಮ ಮನೆಯವರು. ಕಾಕಾ ಒಲ್ಲದ ಮನಸ್ಸಿನಿಂದಲೇ ಸುರಿದರು. ಸಂಜೆ ಕದ ತೆರೆಯಲು ಹೋದರೆ ತೆರೆಯಲಿಲ್ಲ, ಒಳಗೆ ಏನೋ ಅಡ್ಡವಿತ್ತು. ಕಾಕಾ ಸಂದಿಯಲ್ಲಿ ಕೈ ತೂರಿಸಿ ತಡವಿದರು. ಬಾಟಲಿ! ಆಚೆ ಗೋಡೆಯ ಬುಡಕ್ಕೆ ಇಟ್ಟಿದ್ದ ಬಾಟಲಿ ಗಾಲಿಗೆ ಕಲ್ಲು ಕೊಟ್ಟ ಹಾಗೆ ಕದಕ್ಕೆ ಒತ್ತಿ ನಿಂತಿತ್ತು. ಒಂದು ಹನಿಯೂ ಕಡಿಮೆಯಾಗಿರಲಿಲ್ಲ.

"ಸಿಟ್ಟಾಗ್ಯಾನ" ಎಂದರು ಕಾಕಾ. "ಸತ್ತವಗ ಮೋಸ ಮಾಡಿದೆ. ಇನ್ನ ಬರದ ಇದ್ರ ಏನ್ ಮಾಡ್ಲಿ?" ಆ ವರ್ಷವೆಲ್ಲ ಅವರಿಗೆ ಅದೊಂದೇ ಚಿಂತೆ. ಯಾರು ಏನು ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ.

ಮುಂದಿನ ಅಮಾವಾಸ್ಯೆ ಹತ್ತಿರ ಬಂದಾಗ, ಅವರ ಹೆಂಡತಿ ಕಕ್ಕಿ ಅತ್ತು ಕರೆದರೂ ಕೇಳದೆ, ಕಣ್ಣು ಕಾಣದ ಮನುಷ್ಯ ಒಬ್ಬರೇ ಬಸ್ಸು ಹತ್ತಿ ಅದೇ ಘಾಟು ಇಳಿದು ಗೋವಾಕ್ಕೆ ಹೋದರು. ಒಂದೇ ಒಂದು ಬಾಟಲಿ ತಂದರು. ಎಡಿ ಇಟ್ಟ ಮೇಲೆ ಹೊರಗೆ ಬರಲಿಲ್ಲ.

"ಈ ಸಲ ನಾನೂ ಒಳಗ ಕುಂದರ್ತೀನಿ."

"ಜೀವ ಇದ್ದವರು ಕುಂದರಬಾರದ್ರೀ..." ಎಂದು ಕಕ್ಕಿ ಅವರ ತೋಳು ಹಿಡಿದರು. ಕಾಕಾ ಕೈ ಬಿಡಿಸಿಕೊಂಡು ಒಳಗಿನಿಂದ ಚಿಲಕ ಹಾಕಿಕೊಂಡರು.

ಸ್ವಲ್ಪ ಹೊತ್ತಿಗೆ ಮಾತು ಕೇಳಿಸಿತು. ಕಾಕಾನದೇ ದನಿ, ಲಾರಿಯ ಸುದ್ದಿ, ಘಾಟಿನ ಸುದ್ದಿ. ನಡುನಡುವೆ ಒಂದು ನಗು... ಅದು ಕಾಕಾನ ನಗು ಅಲ್ಲ ಎಂದು ನಾನು ಇಂದಿಗೂ ಆಣೆ ಮಾಡಿ ಹೇಳಬಲ್ಲೆ. ಕದ ತೆರೆದು ಕಾಕಾ ಹೊರಗೆ ಬಂದಾಗ ಬಾಟಲಿ ಖಾಲಿಯಾಗಿತ್ತು, ಅವರ ಬಾಯಿಂದ ಹುಳಿ ವಾಸನೆ ಬರುತ್ತಿತ್ತು.

"ಒಬ್ಬನ ಕುಡಿಯಾಂಗಿಲ್ಲ ಅಂದ. ನಾ ಏನ್ ಮಾಡ್ಲಿ?" ಎಂದು ಅವರು ಕಕ್ಕಿಯ ಮುಖ ನೋಡಿದರು. ಅಷ್ಟು ನಿರಾಳವಾದ ಮುಖವನ್ನು ನಾನು ಅವರಲ್ಲಿ ಮತ್ತೆ ಕಾಣಲಿಲ್ಲ.

ಕಾಕಾ ತೀರಿಕೊಂಡು ವರ್ಷಗಳಾದವು. ಹುಂಜದ ಬಿಯರು ಈಗ ಎಲ್ಲಿ ಬೇಕಾದಲ್ಲಿ ಸಿಗುತ್ತದೆ. ನಾವು ಹುಬ್ಬಳ್ಳಿಗೆ ಬಂದ ಮೇಲೂ ಕಕ್ಕಿ ಫೋನು ಮಾಡುತ್ತಾರೆ, ಈ ಸಲ ಹೇಳಿದ್ದು ಇಷ್ಟೇ: "ಎರಡ ತಗೊಂಡ ಬಾರವ್ವಾ, ಒಂದು ಅವಗ, ಒಂದು ಇವರಿಗೆ." ತಂದುಕೊಟ್ಟೆ. ಕೊಟ್ಟಿಗೆಯಲ್ಲಿ ಎರಡು ಎಡಿ ಬಡಿಸಿ, ಕದ ಹಾಕಿ, ಇಬ್ಬರೂ ಹೊರಗೆ ಕೂತೆವು. ಒಳಗೆ ಸದ್ದಿಲ್ಲ. ಕತ್ತಲಾಗುವ ಮೊದಲು ಕಕ್ಕಿ ಕದ ತೆರೆದರು. ಎರಡೂ ಬಾಟಲಿ ಇಟ್ಟ ಜಾಗದಲ್ಲಿ ಇಟ್ಟ ಹಾಗೆಯೇ ಇದ್ದವು, ಕುತ್ತಿಗೆಯವರೆಗೆ ತುಂಬಿ.

"ಹ್ವಾದ ವರ್ಷನೂ ಹಿಂಗ ಆತು" ಎಂದರು ಕಕ್ಕಿ. "ಅಲ್ಲೇ ಇಬ್ಬರೂ ಕೂಡ್ಯಾರ. ಇಲ್ಲಿ ನನ್ನ ಕಡೆ ಯಾಕ ಬರ್ತಾರವ್ವಾ?"

ಅಷ್ಟು ವರ್ಷ ಆ ಕದಕ್ಕೆ ಹೆದರಿದವಳು ನಾನು. ಈಗ ಒಳಗೆ ಏನಾದರೂ ಒಂದು ಅಲುಗಾಡಬಾರದೇ, ಯಾರಾದರೂ ನಗಬಾರದೇ ಎಂದು ಒಳಕ್ಕೆ ಕಿವಿಗೊಟ್ಟೆ. ಕಕ್ಕಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಕದವನ್ನು ಮತ್ತೆ ಮುಂದಕ್ಕೆಳೆದುಕೊಂಡರು.

"ಇನ್ನೊಂದ ಚೂರ ತಡಿಯೂಣು" ಎಂದು ನನ್ನ ಪಕ್ಕದಲ್ಲಿ ಕೂತರು.