ಸದ್ದು ಮಾಡದ ಪಿಸ್ತೂಲು

ಬೆಳಿಗ್ಗೆಯಿಂದ ಮನೆ ತುಂಬ ಮಗನ ಪಿಸ್ತೂಲಿನ ರೀಲ್ ಪಟಾಕಿಯ ಮದ್ದಿನ ವಾಸನೆ. ನನಗೆ ನೆನಪಾದದ್ದು ಮಾತ್ರ ಸದ್ದೇ ಮಾಡದ ಒಂದು ಪಿಸ್ತೂಲು.

ನನ್ನ ಚಿಕ್ಕಂದಿನಲ್ಲಿ, ಹಟ್ಟಿಯಲ್ಲಿ ಅಪ್ಪ ಚಿನ್ನದ ಗಣಿಯ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದರೆ ಹಗಲೆಲ್ಲ ನಮ್ಮ ಕ್ವಾರ್ಟರ್ಸ್‌ನಲ್ಲಿ ಪಿಸುಮಾತು. ಕಿಟಕಿಗೆ ಅವ್ವನ ಹಳೇ ಸೀರೆ. ತೊಳೆದ ಪಾತ್ರೆಗಳನ್ನೂ ಅವ್ವ ಬಟ್ಟೆ ಹಾಸಿ ಇಡುತ್ತಿದ್ದಳು. ಪಟಾಕಿ ಪಿಸ್ತೂಲು ಬೇಕೆಂದು ನಾನು ಅತ್ತಾಗ ಅಪ್ಪ ಲಿಂಗಸುಗೂರಿನಿಂದ ಬೇರೊಂದು ತಂದ. ಒಂದು ಸಲಕ್ಕೆ ಒಂದೇ ಸ್ಪಂಜಿನ ಬಿಲ್ಲೆ ಹಾರಿಸುವಂಥದು.

"ಇದು ಸಪ್ಪಳ ಮಾಡಂಗಿಲ್ಲ. ನೀ ಆಡು, ನಾ ಮಲಗ್ತೀನಿ," ಅಂದ.

ಒಮ್ಮೆ ಬಿಲ್ಲೆ ಹೋಗಿ ಮಲಗಿದ್ದ ಅಪ್ಪನ ಎದೆಯ ಮೇಲೆ ಬಿತ್ತು. ಉಸಿರಿನ ಜೊತೆ ಅದೂ ಏರಿ ಇಳಿಯುತ್ತಿತ್ತು. ತೆಗೆಯಲು ಹೆದರಿ ನಿಂತೆ.

"ಇರ್ಲಿ ಬಿಡು, ಎದ್ದ ಮ್ಯಾಲ ಅಪ್ಪನೇ ಕೊಡ್ತಾನ," ಎಂದು ಅವ್ವ ಪಿಸುಗುಟ್ಟಿದಳು. ಸಂಜೆಯವರೆಗೂ ಅಲ್ಲೇ ಕೂತು ಕಾದೆ.

ಈಗ ವಯಸ್ಸಾಗಿ ಅಪ್ಪನ ಕಿವಿ ಪೂರ್ತಿ ಹೋಗಿದೆ. ಇವತ್ತು ಮಧ್ಯಾಹ್ನ ಅವನು ಮಲಗಿದ್ದಾಗ ನನ್ನ ಮಗ ಮಂಚದ ಪಕ್ಕದಲ್ಲೇ ಪಟಾಕಿ ಹೊಡೆದ.

"ಸಪ್ಪಳ ಮಾಡಬ್ಯಾಡಲೇ, ಅಜ್ಜ ಮಲಗ್ಯಾನ!" ಎಂದು ಓಡಿ ಬಂದೆ.

"ಅಜ್ಜಗ ಕೇಳಂಗಿಲ್ಲಲ್ಲ," ಅಂದ ಮಗ.

ಹೌದು, ಅಪ್ಪ ಅಲುಗಾಡಿರಲಿಲ್ಲ. ಅವನ ಎದೆ ಏರಿ ಇಳಿಯುವುದು ಕಾಣುವವರೆಗೂ ನಾನು ಉಸಿರಾಡಲಿಲ್ಲ.