ಬ್ಯಾಗ್ ನೋಡಿ ಬಿಟ್ಟ ವಾಚ್‌ಮನ್

ಇವತ್ತು ಮಧ್ಯಾಹ್ನ ನಮ್ಮ ಸೆಂಟರಿನಿಂದ ಶೆಟ್ರು ಕಾಣೆಯಾದರು, ಸ್ನೇಹಿತರೇ. ಎಪ್ಪತ್ತೆಂಟು ವರ್ಷ, ಮರೆವಿನ ಕಾಯಿಲೆ. ಮುಂಬೈ ಹತ್ತಿರದ ಠಾಕುರ್ಲಿಯಲ್ಲಿ ನನ್ನ ಮಿಕ್ಸರ್-ಗ್ರೈಂಡರ್ ಗೋಡೌನು ಇದ್ದ ಜಾಗದಲ್ಲೇ ಈಗ ಇಂಥ ಹಿರಿಯರನ್ನು ಹಗಲು ಹೊತ್ತು ನೋಡಿಕೊಳ್ಳುತ್ತೇವೆ. ಬೋರ್ಡು, ಬಣ್ಣ, ಕುರ್ಚಿ ಎಲ್ಲ ಬದಲಾಯಿಸಿದೆ. ವಾಚ್‌ಮನ್ ಪಾಂಡುರಂಗನನ್ನು ಮಾತ್ರ ಉಳಿಸಿಕೊಂಡೆ. ಒಂಬತ್ತು ವರ್ಷದಲ್ಲಿ ಗೋಡೌನಿನ ಒಂದು ಸ್ಕ್ರೂ ಕೂಡ ಹೊರಗೆ ಹೋಗಲು ಬಿಟ್ಟವನಲ್ಲ.

ಗೇಟಿಗೆ ಓಡಿ ಅವನನ್ನು ಕೇಳಿದೆ, ಶೆಟ್ರು ಹೋದದ್ದು ಕಂಡಿತೇ ಎಂದು.

"ಹಾಂ ಸೇಠ್. ಬ್ಯಾಗ್ ಚೆಕ್ ಕಿಯಾ. ಅಪ್ನಾ ಮಾಲ್ ಕುಛ್ ನಹೀ ಥಾ."

ನಮ್ಮ ಮಾಲು ಏನೂ ಇರಲಿಲ್ಲವಂತೆ, ಅದಕ್ಕೇ ಬಿಟ್ಟನಂತೆ! ಮೈಯೆಲ್ಲ ಉರಿದುಹೋಯಿತು. ಬೈಯಲು ಪುರುಸೊತ್ತಿರಲಿಲ್ಲ, ಇಬ್ಬರೂ ಸ್ಟೇಷನ್ನಿಗೆ ಓಡಿದೆವು. ಟಿಕೆಟ್ ಕ್ಯೂನಲ್ಲಿ ಬ್ಯಾಗನ್ನು ಎದೆಗೆ ಅವಚಿಕೊಂಡು ನಿಂತಿದ್ದರು ಶೆಟ್ರು. ಐದು ನಿಮಿಷ ತಡವಾಗಿದ್ದರೆ ಯಾವ ರೈಲು ಹತ್ತುತ್ತಿದ್ದರೋ.

"ನಿನ್ನ ವಾಚ್‌ಮನ್ ಒಳ್ಳೆ ಜನ ಮಾರಾಯ," ಎಂದರು ನನ್ನ ಕೈ ಹಿಡಿದು. "ಸಲಾಂ ಹೊಡೆದು ಗೇಟು ತೆಗೆದು ಕೊಟ್ಟ."

ವಾಪಸು ಬಂದ ಮೇಲೆ ಪಾಂಡುರಂಗನಿಗೆ ಬೈಯೋಣವೆಂದು ಗೇಟಿನ ರಿಜಿಸ್ಟರ್ ತೆರೆದೆ. ಗೋಡೌನಿನ ಕಾಲದಲ್ಲಿ ನಾನೇ ಗೆರೆ ಹಾಕಿ ಕಲಿಸಿದ ರೀತಿಯಲ್ಲೇ, ಅಚ್ಚುಕಟ್ಟಾಗಿ ಬರೆದಿದ್ದ: ಟವೆಲ್ ಒಂದು, ಊಟದ ಡಬ್ಬಿ ಒಂದು, ಕನ್ನಡಕ ಒಂದು.

ಶೆಟ್ರನ್ನು ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ. ಬೈಯುವುದು ಬಿಟ್ಟು, ಪೆನ್ನು ತೆಗೆದು ಇನ್ನೊಂದು ಗೆರೆ ಹಾಕಿದೆ.